ಬ್ಲ್ಯಾಕ್ ಬಾಕ್ಸ್ ಮಾಡಿದ ಡೇವಿಡ್ ವಾರನ್ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ನಾನು ಮಂಗಳೂರಿನ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಬಿದ್ದು 158 ಜನ ಹೋದರು. ಈಗಿನ ಮಕ್ಕಳು ಆಗ ತುಂಬ ಚಿಕ್ಕವರು, ಕೆಲವರು ಹುಟ್ಟಿರಲೂ ಇಲ್ಲ. ಆದರೂ ಮನೆಯಲ್ಲಿ ಕೇಳಿರುತ್ತಾರೆ. "ಬ್ಲ್ಯಾಕ್ ಬಾಕ್ಸ್ ಅಂದ್ರೆ ಏನು ಮಿಸ್?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನಮ್ಮ ಕಡೆಯ ಟೀಚರಾದರೆ ಒಂದು ಮಾತು: ಆ ವಿಮಾನದಲ್ಲಿ ಯಾವುದಾದರೂ ಮಗುವಿನ ಮನೆಯವರು ಇದ್ದರಾ ಎಂದು ಮೊದಲೇ ತಿಳಿದುಕೊಳ್ಳಿ.

ಬ್ಲ್ಯಾಕ್ ಬಾಕ್ಸ್ ಅಂದರೆ ವಿಮಾನದೊಳಗಿನ ಮಾತು, ಮೀಟರುಗಳ ಲೆಕ್ಕ ದಾಖಲಿಸುವ ಪೆಟ್ಟಿಗೆ. ಅದರ ಚಿತ್ರ ತೋರಿಸಿ ಶುರು ಮಾಡಬೇಡಿ. ಮೊದಲು ಆಟ ಆಡಿಸಿ. ಇಬ್ಬರನ್ನು ಹೊರಗೆ ಕಳಿಸಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ. ಒಬ್ಬಳು ಸ್ಟೀಲ್ ಬಾಟಲಿ ಬೀಳಿಸಲಿ, "ಅಯ್ಯೋ, ಮುಚ್ಚಳ ಸಡಿಲ ಇತ್ತು" ಅನ್ನಲಿ. ಬಾಟಲಿ ಎತ್ತಿಟ್ಟು ಹೊರಗಿನವರನ್ನು ಕರೆಯಿರಿ. ಅವರಿಗೆ ನೆಲದ ಮೇಲಿನ ನೀರು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಮೇಲೆ ರೆಕಾರ್ಡಿಂಗ್ ಕೇಳಿಸಿ.

ಆಗ ವಾರನ್ ಹೆಸರು ಹೇಳಿ. 1950ರ ದಶಕದಲ್ಲಿ ಕಾಮೆಟ್ ಎಂಬ ಹೊಸ ಜೆಟ್ ವಿಮಾನಗಳು ಬೀಳುತ್ತಿದ್ದವು, ಕಾರಣ ಸಿಗುತ್ತಿರಲಿಲ್ಲ. ವಾರನ್ ಮೆಲ್ಬರ್ನ್‌ನ ವಿಮಾನ ಸಂಶೋಧನಾಲಯದಲ್ಲಿ ಇಂಧನದ ರಸಾಯನ ವಿಜ್ಞಾನಿ. ಒಂದು ಮೇಳದಲ್ಲಿ ಕಂಡಿದ್ದ ಜೇಬಿನ ರೆಕಾರ್ಡರ್ ಅವರಿಗೆ ನೆನಪಾಯಿತು. ಅಂಥದ್ದೊಂದು ಆ ವಿಮಾನದಲ್ಲಿ ಇದ್ದಿದ್ದರೆ?

ಇಲ್ಲಿ ನಿಧಾನ ಮಾಡಿ, ಅವರ ಬಾಲ್ಯಕ್ಕೆ ಹೋಗಿ. 1934ರಲ್ಲಿ ಅವರ ಅಪ್ಪ ಹೋಗುತ್ತಿದ್ದ ವಿಮಾನ ಆಸ್ಟ್ರೇಲಿಯಾದ ಬಾಸ್ ಜಲಸಂಧಿಯ ಮೇಲೆ ಕಾಣೆಯಾಯಿತು. ಹುಡುಗನಿಗೆ ಒಂಬತ್ತು ವರ್ಷ. ಅಪ್ಪ ಕೊನೆಯದಾಗಿ ಕೊಟ್ಟಿದ್ದು ಒಂದು ಕ್ರಿಸ್ಟಲ್ ರೇಡಿಯೋ, ಅಂದರೆ ಬ್ಯಾಟರಿ ಬೇಡದ ಸರಳ ರೇಡಿಯೋ. ಅದರಿಂದಲೇ ಅವನಿಗೆ ರೇಡಿಯೋ ಕಟ್ಟುವ ಹುಚ್ಚು ಹಿಡಿಯಿತು. ಈ ಮಾತಿಗೆ ನನ್ನ ಕ್ಲಾಸು ಪ್ರತಿ ಸಲ ಸುಮ್ಮನಾಗುತ್ತದೆ. ನೀವೂ ಆಗ ಏನೂ ಹೇಳಬೇಡಿ.

ಯಂತ್ರದ ವಿವರ ಜಾಸ್ತಿ ಬೇಡ. ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಯ ಮಾತು, ಜೊತೆಗೆ ವಿಮಾನದ ಎಂಟು ಮೀಟರುಗಳು ತೋರಿಸುವ ಲೆಕ್ಕ. ಹಳೆಯದು ಅಳಿಯುತ್ತಾ ಹೊಸದು ಸೇರುತ್ತಾ ಹೋಗುತ್ತದೆ. ಈಗಿನ ಪೆಟ್ಟಿಗೆಗಳ ಬಣ್ಣ ಕಪ್ಪಲ್ಲ, ಕಿತ್ತಳೆ. ಅವಶೇಷದ ನಡುವೆ ಕಣ್ಣಿಗೆ ಬೀಳಬೇಕಲ್ವಾ?

ವಾರನ್ ಅವರ ದೇಶವಾದ ಆಸ್ಟ್ರೇಲಿಯಾದಲ್ಲೇ ಇದು ಯಾರಿಗೂ ಬೇಡವಾಯಿತು. ಪೈಲಟ್‌ಗಳು ಇದನ್ನು ಗೂಢಚಾರಿಕೆ ಅಂದರು. 1958ರಲ್ಲಿ ಬ್ರಿಟನ್ನಿನಿಂದ ಬಂದ ವಿಮಾನಯಾನ ಅಧಿಕಾರಿ ರಾಬರ್ಟ್ ಹಾರ್ಡಿಂಗ್‌ಹ್ಯಾಮ್ ಇದನ್ನು ನೋಡಿ ಮೆಚ್ಚಿದ ಮೇಲೆ ಕೆಲಸ ಮುಂದೆ ಸಾಗಿತು. 1960ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮೆಕೇ ಬಳಿ ವಿಮಾನ ಬಿದ್ದು 29 ಜನ ಸತ್ತರು. ವಿಚಾರಣೆ ನಡೆಸಿದ ನ್ಯಾಯಾಧೀಶರು ರೆಕಾರ್ಡರ್ ಬೇಕೇ ಬೇಕು ಅಂದರು. ಮುಂದೆ ಕಾಕ್‌ಪಿಟ್ (ಪೈಲಟ್‌ಗಳು ಕೂರುವ ಜಾಗ) ಮಾತಿನ ರೆಕಾರ್ಡಿಂಗ್ ಕಡ್ಡಾಯ ಮಾಡಿದ ಮೊದಲ ದೇಶ ಆಸ್ಟ್ರೇಲಿಯಾವೇ ಆಯಿತು.

ಪೈಲಟ್‌ಗಳ ಸಿಟ್ಟನ್ನು ಮಾತ್ರ ಹಾರಿಸಬೇಡಿ. "ನಮ್ಮ ಕ್ಲಾಸಲ್ಲೂ ದಿನವಿಡೀ ರೆಕಾರ್ಡರ್ ಇಟ್ಟರೆ ಒಪ್ತೀರಾ?" ಎಂದು ಕೇಳಿ. ಜೋರು ಜಗಳ ಆಗುತ್ತದೆ, ಆಗಲಿ. ಕೇಳುವ ಹಕ್ಕು ಯಾರಿಗೆ, ಯಾವಾಗ ಎನ್ನುವುದು ಅವರ ಬಾಯಿಂದಲೇ ಬರುತ್ತದೆ. ಬೆಲ್ ಹೊಡೆಯುವ ಮೊದಲು ಬಾಟಲಿಯ ರೆಕಾರ್ಡಿಂಗನ್ನು ಅವರ ಎದುರಿಗೇ ಅಳಿಸಿ.