ಹೊಸ ಮೋಟರ್‌ಹೋಮ್, ಎರಡು ವರ್ಕ್‌ಶಾಪ್, ಒಂದು ಬೋಲ್ಟು

ಹೊಸ ಮೋಟರ್‌ಹೋಮ್ (ಒಳಗೇ ಉಳಿಯಬಹುದಾದ, ಓಡುವ ಮನೆಯಂಥ ಗಾಡಿ) ಮನೆಗೆ ಬಂದ ಮೊದಲ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಏನಾದರೊಂದು ಕೈ ಕೊಡುತ್ತದೆ. ಹೆದರಿಸಲು ಹೇಳುತ್ತಿಲ್ಲ, ಈ ಗಾಡಿ ತಯಾರಾಗುವ ರೀತಿಯೇ ಹಾಗಿದೆ. ಎಂಜಿನ್, ಗೇರ್‌ಬಾಕ್ಸ್, ಚಾಸಿ, ಡ್ರೈವರ್ ಕ್ಯಾಬಿನ್ ಒಂದು ವ್ಯಾನ್ ಕಂಪನಿಯದು. ಅದರ ಬೆನ್ನ ಮೇಲೆ ಮನೆ ಕಟ್ಟುವವರು ಇನ್ನೊಬ್ಬರು. ಆ ಮನೆಯೊಳಗಿನ ಹೀಟರ್, ಫ್ರಿಜ್, ಟಾಯ್ಲೆಟ್, ನೀರಿನ ಪಂಪ್ ಮಾಡುವವರು ಮತ್ತೂ ಬೇರೆಯವರು. ಪ್ರತಿಯೊಬ್ಬರ ವಾರಂಟಿ ಪುಸ್ತಕವೂ ಬೇರೆ. ಡೀಲರ್ ಇದನ್ನೆಲ್ಲ ಒಂದೇ ಕೀ ಗೊಂಚಲಿನಲ್ಲಿ ಕೈಗೆ ಕೊಟ್ಟಾಗ ಒಂದೇ ಗಾಡಿ ತಗೊಂಡೆವು ಅಂದುಕೊಳ್ಳುತ್ತೇವೆ. ಕೆಟ್ಟ ದಿನ ಅದು ಮೂರೋ ನಾಲ್ಕೋ ಗಾಡಿಯಾಗಿಬಿಡುತ್ತದೆ.

ಡೀಲರ್ ಜೊತೆಗಿನ ತಕರಾರು ಬಹುಪಾಲು ಹುಟ್ಟುವುದು ಇಲ್ಲೇ. ಅವರಿಗೆ ಮನಸ್ಸಿಲ್ಲ ಅಂತಲ್ಲ. ವಾರಂಟಿ ಕೆಲಸದ ದುಡ್ಡು ತಯಾರಕರಿಂದ ಬರಬೇಕು. ತಯಾರಕರು ಒಪ್ಪಬೇಕಾದರೆ ಫೋಟೊ, ಅಳತೆ, ಸೀರಿಯಲ್ ನಂಬರ್ ಕೇಳುತ್ತಾರೆ. ಇದು ಯಾರ ತಲೆಗೆ ಬೀಳುವ ಖರ್ಚು ಎಂದು ಗೊತ್ತಾಗುವವರೆಗೆ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವುದಿಲ್ಲ. ಇದು ಅರ್ಥವಾದ ಮೇಲೆ ನಾನು ಗಲಾಟೆ ಮಾಡುವುದಕ್ಕಿಂತ, ಅವರಿಗೆ ಬೇಕಾದ ಸಾಕ್ಷಿಯನ್ನು ನಾನೇ ಒದಗಿಸುವುದರ ಕಡೆ ಜಾಸ್ತಿ ಗಮನ ಕೊಟ್ಟೆ. ನನ್ನ ಗಾಡಿಯಲ್ಲಿ ಅತಿ ಹೆಚ್ಚು ಕಾಡಿದ ದೋಷ ಸರಿಯಾಗಿದ್ದು ಹಾಗೆಯೇ.

ದೋಷ ಏನೆಂದರೆ, ಮನೆ ಕಡೆಯ ಬ್ಯಾಟರಿ ಗಾಡಿ ಓಡುವಾಗ ತುಂಬುತ್ತಿರಲಿಲ್ಲ. ಮೋಟರ್‌ಹೋಮ್‌ನಲ್ಲಿ ಎರಡು ಬ್ಯಾಟರಿ ಇರುತ್ತವೆ. ಒಂದು ಎಂಜಿನ್ ಸ್ಟಾರ್ಟ್ ಮಾಡಲು, ಇನ್ನೊಂದು ಒಳಗಿನ ದೀಪ, ಪಂಪ್, ಹೀಟರ್ ಫ್ಯಾನ್‌ಗೆ. ಎರಡನೆಯದು ಗಾಡಿ ಓಡುವಾಗ, ಎಂಜಿನ್ ತಿರುಗಿಸುವ ಜನರೇಟರ್ ಆದ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗಬೇಕು. ಯೂರೋ 6 (ಯುರೋಪಿನ ಹೊಗೆ ನಿಯಮ) ಎಂಜಿನ್ ಇರುವ ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರ್ ಸ್ವಲ್ಪ ಬುದ್ಧಿವಂತ. ಇಂಧನ ಉಳಿಸಲು ಆಗಾಗ ತನ್ನ ವೋಲ್ಟೇಜನ್ನು ತಾನೇ ಇಳಿಸಿಕೊಳ್ಳುತ್ತದೆ. ಆ ಇಳಿದ ವೋಲ್ಟೇಜಿಗೆ ಎರಡನೇ ಬ್ಯಾಟರಿ ತುಂಬುವುದಿಲ್ಲ. ಹಾಗಾಗಿ ನಡುವೆ ಡಿಸಿ-ಡಿಸಿ ಚಾರ್ಜರ್ ಅಂತ ಒಂದು ಡಬ್ಬಿ ಕೂರಿಸುತ್ತಾರೆ. ಅದು ಬಂದ ವೋಲ್ಟೇಜನ್ನು ಏರಿಸಿ ಸುಮಾರು 14.4 ವೋಲ್ಟ್ ಮಾಡಿ ಕೊಡುತ್ತದೆ. ನನ್ನ ಗಾಡಿಯಲ್ಲೂ ಅದಿತ್ತು, ಅದರ ಹಸಿರು ದೀಪವೂ ಚೆನ್ನಾಗಿ ಉರಿಯುತ್ತಿತ್ತು. ಆದರೆ ಅರ್ಧ ದಿನ ಓಡಿಸಿ ನಿಲ್ಲಿಸಿದರೂ ರಾತ್ರಿ ಹೊತ್ತಿಗೆ ಹೀಟರ್ ಫ್ಯಾನ್ ಉಸಿರು ಬಿಡುತ್ತಿತ್ತು.

ಡೀಲರ್ ವರ್ಕ್‌ಶಾಪಿನಲ್ಲಿ ಬಿಟ್ಟೆ. "ಎಲ್ಲ ಸರಿ ಇದೆ ಸರ್, ಚಾರ್ಜ್ ಆಗ್ತಾ ಇದೆ" ಎಂದು ವಾಪಸ್ ಕೊಟ್ಟರು. ಜಾಬ್ ಕಾರ್ಡಿನಲ್ಲಿ ದೋಷ ಕಂಡುಬಂದಿಲ್ಲ ಎಂದು ಬರೆದಿದ್ದರು. ಮತ್ತೆ ಬಿಟ್ಟಾಗ, ಇದು ಆಲ್ಟರ್ನೇಟರ್ ಸಮಸ್ಯೆ ಇರಬಹುದು, ವ್ಯಾನ್ ಕಂಪನಿಯ ವರ್ಕ್‌ಶಾಪಿಗೆ ಹೋಗಿ ಎಂದರು. ಅಲ್ಲಿ ಕಂಪ್ಯೂಟರ್ ಹಾಕಿ ನೋಡಿ, ಒಂದೂ ಫಾಲ್ಟ್ ಕೋಡ್ ಇಲ್ಲ, ನಮ್ಮ ಕಡೆ ಏನೂ ತೊಂದರೆ ಇಲ್ಲ, ಹಿಂದೆ ಇರೋದು ಬಾಡಿ ಕಟ್ಟಿದವರ ವೈರಿಂಗ್ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಹಾಗೆ ನಡುವೆ ಸೊರಗಿದ್ದು ನನ್ನ ಬ್ಯಾಟರಿ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ವಿಚಿತ್ರ. ಇಬ್ಬರ ಅಳತೆಯೂ ಅವರವರ ಜಾಗದಲ್ಲಿ ಸರಿಯಾಗಿತ್ತು. ಹಾಗಾದರೆ ತಪ್ಪು ಇಬ್ಬರೂ ಅಳೆಯದ ಜಾಗದಲ್ಲಿ ಇರಬೇಕು, ಅಲ್ವಾ?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತಗೊಂಡೆ. ಮೊದಲು ಬ್ಯಾಟರಿಯನ್ನು ಬೇಕೆಂದೇ ಖಾಲಿ ಮಾಡಿದೆ. ಲೆಡ್ ಆಸಿಡ್ ಜಾತಿಯ ಬ್ಯಾಟರಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12.2 ಬಂತೆಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂದರ್ಥ. ಅಲ್ಲಿಗೆ ಇಳಿಸಿ, ಎಂಜಿನ್ ಚಾಲೂ ಮಾಡಿ ಅಳೆದೆ. ಚಾರ್ಜರ್ ಡಬ್ಬಿಯ ಬಾಯಲ್ಲಿ 14.4. ಬ್ಯಾಟರಿಯ ತುದಿಯಲ್ಲಿ 13.2. ನಡುವೆ 1.2 ವೋಲ್ಟ್ ಎಲ್ಲೋ ಸೋರಿಹೋಗುತ್ತಿತ್ತು. ಪ್ಲಸ್ ಕೇಬಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೀಟರ್ ಹಿಡಿದರೆ 0.1, ಅದು ಪರವಾಗಿಲ್ಲ. ಉಳಿದಿದ್ದು ಮೈನಸ್ ಕಡೆ. ಬ್ಯಾಟರಿಯ ಮೈನಸ್ ತುದಿಗೂ ಚಾಸಿಯ ಬರಿ ಲೋಹಕ್ಕೂ ನಡುವೆ ಹಿಡಿದೆ, 1.1 ವೋಲ್ಟ್.

ಸೀಟಿನ ಕೆಳಗೆ ಅರ್ತ್ ಕೇಬಲನ್ನು, ಅಂದರೆ ಬ್ಯಾಟರಿಯ ಮೈನಸ್ ತಂತಿಯನ್ನು, ಚಾಸಿಗೆ ಬಿಗಿದ ಬೋಲ್ಟ್ ಇತ್ತು. ಮುಟ್ಟಿದರೆ ಬಿಸಿ. ಚಾರ್ಜರ್ 30 ಆಂಪಿಯರಿನದು, ಅಂದರೆ ಆ ಒಂದೇ ಜಾಗದಲ್ಲಿ 33 ವಾಟ್ ಶಾಖವಾಗಿ ಹೋಗುತ್ತಿತ್ತು. ಬಣ್ಣ ಬಳಿದ ಲೋಹದ ಮೇಲೆಯೇ, ಬಣ್ಣ ಕೆರೆಯದೆ ಬೋಲ್ಟ್ ಬಿಗಿದಿದ್ದರು. ಬಣ್ಣ ಕರೆಂಟಿಗೆ ಅಡ್ಡ.

ಮತ್ತೆ ವರ್ಕ್‌ಶಾಪಿನಲ್ಲಿ ಯಾಕೆ ಕಾಣಲಿಲ್ಲ? ಗಾಡಿ ಅಂಗಳಕ್ಕೆ ಬಂದ ಕೂಡಲೇ ಅವರು ಅದನ್ನು ಹೊರಗಿನ ಕರೆಂಟಿಗೆ ಚುಚ್ಚಿಡುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಆ ಚಾರ್ಜರ್‌ಗೆ ಬ್ಯಾಟರಿವರೆಗೆ ತನ್ನದೇ ಕೇಬಲ್ ಇದೆ, ಈ ಬೋಲ್ಟಿನ ಹಂಗಿಲ್ಲ; ಅದು ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬುವ ಬೇರೆಯೇ ಚಾರ್ಜರ್. ಅವರು ಟೆಸ್ಟ್ ಮಾಡುವ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ. ತುಂಬಿದ ಬ್ಯಾಟರಿ ಹೆಚ್ಚುಕಡಿಮೆ ಕರೆಂಟ್ ಎಳೆಯುವುದೇ ಇಲ್ಲ. ಕರೆಂಟ್ ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲೂ ವೋಲ್ಟೇಜ್ ಬೀಳುವುದಿಲ್ಲ. ಮೀಟರ್ ಎಲ್ಲ ಕಡೆ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ರಸ್ತೆಯಲ್ಲಿ ಮಾತ್ರ ಬೇರೆ ಕತೆ. ಡಿಸಿ-ಡಿಸಿ ಚಾರ್ಜರ್ ತನ್ನ ಬಾಯಲ್ಲಿ 14.4 ಕಂಡು, ಓ ಬ್ಯಾಟರಿ ತುಂಬುತ್ತಾ ಬಂತು ಅಂದುಕೊಂಡು, ಸ್ವಲ್ಪ ಹೊತ್ತಿಗೆ ಕೈ ಹಿಂತೆಗೆದುಕೊಳ್ಳುತ್ತಿತ್ತು.

ಅಷ್ಟು ಗೊತ್ತಾದ ಮೇಲೆ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ, ಮತ್ತೆ ಬಿಗಿಯಲು ಹತ್ತು ನಿಮಿಷ ಸಾಕಿತ್ತು. ನಾನು ಮುಟ್ಟಲಿಲ್ಲ. ವಾರಂಟಿ ಇರುವ ಗಾಡಿಯ ವೈರಿಂಗಿಗೆ ಮಾಲೀಕ ಕೈ ಹಾಕಿದರೆ, ನಾಳೆ ಪಕ್ಕದ ತಂತಿ ಸುಟ್ಟರೂ ಅದು ಅವನ ತಲೆಗೇ. ಅಳೆಯುವುದಕ್ಕೆ ಅಡ್ಡಿಯಿಲ್ಲ, ಬಿಚ್ಚುವುದು ಬೇಡ. ಮೀಟರಿನ ಅಂಕಿ, ಅದನ್ನು ಹಿಡಿದ ಜಾಗ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋಟೊ ತೆಗೆದು, ಒಂದು ಚಿಕ್ಕ ವಿಡಿಯೋ ಮಾಡಿ ಡೀಲರ್‌ಗೆ ಮೇಲ್ ಮಾಡಿದೆ. ಜೊತೆಗೆ ಒಂದು ಸಾಲು: ಬ್ಯಾಟರಿ 12.2ಕ್ಕೆ ಇಳಿಸಿ ತರುತ್ತೇನೆ, ಅಳೆಯುವ ಮೊದಲು ಹೊರಗಿನ ಕರೆಂಟಿಗೆ ಹಾಕಬೇಡಿ. ಆ ಸಲ ಗಾಡಿ ಅದೇ ದಿನ ವಾಪಸ್ ಬಂತು. ಅವರ ಮೆಕ್ಯಾನಿಕ್ ಖುಷಿಯಾಗಿದ್ದ. ತಯಾರಕರಿಗೆ ಕಳಿಸಲು ಅವನಿಗೆ ಬೇಕಾದ ಫೋಟೊಗಳು ಮೊದಲೇ ಸಿಕ್ಕಿದ್ದವು.

ಅಂದಿನಿಂದ ಜಾಬ್ ಕಾರ್ಡಿನಲ್ಲಿ ನಾನು ರೋಗದ ಹೆಸರು ಬರೆಸುವುದಿಲ್ಲ, ಲಕ್ಷಣ ಬರೆಸುತ್ತೇನೆ. "ಆಲ್ಟರ್ನೇಟರ್ ನೋಡಿ" ಎಂದರೆ ಅವರು ಆಲ್ಟರ್ನೇಟರ್ ಮಾತ್ರ ನೋಡುತ್ತಾರೆ, ಅದು ಸರಿ ಇದ್ದರೆ ಕಾರ್ಡ್ ಮುಚ್ಚುತ್ತಾರೆ. "ಎರಡು ಗಂಟೆ ಓಡಿಸಿದ ಮೇಲೂ ಮನೆ ಬ್ಯಾಟರಿ ತುಂಬುವುದಿಲ್ಲ" ಎಂದು ಬರೆಸಿದರೆ ಅದು ತುಂಬುವವರೆಗೆ ಕಾರ್ಡ್ ಮುಚ್ಚಲಾಗದು. ಸಹಿ ಹಾಕುವ ಮೊದಲು ಸರ್ವಿಸ್ ಅಡ್ವೈಸರ್ ನಿಜವಾಗಿ ಏನು ಟೈಪ್ ಮಾಡಿದ್ದಾರೆ ಎಂದು ಓದಬೇಕು. ನಾವು ನಾಲ್ಕು ವಾಕ್ಯ ಹೇಳಿದ್ದು ಅಲ್ಲಿ ನಾಲ್ಕು ಪದವಾಗಿರುತ್ತದೆ. ಗಾಡಿಗೆ ಎರಡು ನಂಬರ್ ಇರುತ್ತವೆ ಅನ್ನೋದೂ ನೆನಪಿರಲಿ. ಚಾಸಿಯ 17 ಅಕ್ಷರದ ನಂಬರ್ ಒಂದು, ಬಾಡಿ ಕಟ್ಟಿದವರ ಸೀರಿಯಲ್ ನಂಬರ್ ಇನ್ನೊಂದು. ತಪ್ಪು ನಂಬರ್ ಕೊಟ್ಟರೆ ಬಿಡಿಭಾಗದ ಆರ್ಡರ್ ಸುಮ್ನೆ ಅಲೆಯುತ್ತಾ ಇರುತ್ತದೆ. ಎರಡನ್ನೂ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಆದ ಮಾತನ್ನು ಅದೇ ಸಂಜೆ ಎರಡು ಸಾಲಿನ ಮೇಲ್ ಮಾಡಿ ಹಾಕುತ್ತೇನೆ. ಅಡ್ವೈಸರ್‌ಗಳು ಬದಲಾಗುತ್ತಾರೆ, ಮೇಲ್ ಉಳಿಯುತ್ತದೆ.

ಕೆಲವು ದೋಷಗಳು ದೋಷವೇ ಅಲ್ಲ. ಚಳಿಯ ಬೆಳಗ್ಗೆ ಗಾಡಿಯಡಿ ನೀರು ಹರಿದು, ಬಾಯ್ಲರ್ ಖಾಲಿಯಾಗಿದ್ದರೆ ಗಾಬರಿ ಬೇಡ. ಟ್ರೂಮಾ ಕಂಪನಿಯ ಹೀಟರಿನ ಜೊತೆ ಬರುವ ಫ್ರಾಸ್ಟ್‌ಕಂಟ್ರೋಲ್ ವಾಲ್ವ್ ತನ್ನ ಸುತ್ತಲಿನ ಉಷ್ಣತೆ 3 ಡಿಗ್ರಿ ಹತ್ತಿರ ಇಳಿದರೆ ತಾನೇ ತೆರೆದುಕೊಳ್ಳುತ್ತದೆ, ನೀರು ಹೆಪ್ಪುಗಟ್ಟಿ ಬಾಯ್ಲರ್ ಸೀಳಬಾರದು ಎಂದು. ಆ ಜಾಗ 7 ಡಿಗ್ರಿ ದಾಟಿದ ಮೇಲೆ ಮಾತ್ರ ಅದನ್ನು ಮತ್ತೆ ಮುಚ್ಚಲು ಬರುತ್ತದೆ. ಹಾಗೆಯೇ ಗ್ಯಾಸ್. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನೇ ಬಿಡುತ್ತದೆ, ಪ್ರೊಪೇನ್ ಆದರೆ ಮೈನಸ್ 42ರವರೆಗೆ ಆವಿಯಾಗುತ್ತದೆ. ಚಳಿಯಲ್ಲಿ ಹೀಟರ್ ಹೊತ್ತಿಕೊಳ್ಳದಿದ್ದರೆ ಮೊದಲು ಸಿಲಿಂಡರಿನ ಮೇಲೆ ಬರೆದದ್ದನ್ನು ಓದಿ. ಅಬ್ಸಾರ್ಪ್ಷನ್ ಫ್ರಿಜ್ (ಶಾಖ ಬಳಸಿ ತಂಪು ಮಾಡುವಂಥದ್ದು) ತಂಪಾಗುತ್ತಿಲ್ಲ ಎಂದರೆ ಗಾಡಿ ಸಮತಟ್ಟಾಗಿ ನಿಂತಿದೆಯಾ ನೋಡಿ. ಅದರಲ್ಲಿ ಕಂಪ್ರೆಸರ್ ಇಲ್ಲ, ಅಮೋನಿಯ ತನ್ನ ಭಾರಕ್ಕೆ ತಾನೇ ಹರಿಯಬೇಕು, ಜಾಸ್ತಿ ವಾಲಿದರೆ ನಿಂತುಬಿಡುತ್ತದೆ. ಇಂಥದ್ದಕ್ಕೆ ಡೀಲರ್ ಹತ್ತಿರ ಓಡಿದರೆ ನಿಜವಾದ ದೋಷ ಹೊತ್ತು ಹೋದ ದಿನ ನಮ್ಮ ಮಾತಿಗೆ ಬೆಲೆ ಕಮ್ಮಿಯಾಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ಸಣ್ಣದಾಗಿ ಕಂಡು ದೊಡ್ಡದಾಗಿ ಬೆಳೆಯುವವೂ ಇವೆ. ಯಾರೂ ನಲ್ಲಿ ತಿರುಗಿಸದೆ ನಡುರಾತ್ರಿ ನೀರಿನ ಪಂಪ್ ಒಂದು ಕ್ಷಣ ಗುರ್ ಎಂದು ನಿಂತರೆ, ಎಲ್ಲೋ ಪೈಪಿನ ಒತ್ತಡ ಇಳಿಯುತ್ತಿದೆ ಎಂದರ್ಥ. ನಲ್ಲಿ ತೊಟ್ಟಿಕ್ಕುತ್ತಿರಬಹುದು, ಇಲ್ಲವೇ ಬೀರುವಿನ ಹಿಂದೆ ಜಾಯಿಂಟ್ ಸಡಿಲವಾಗಿರಬಹುದು. ನನ್ನದರಲ್ಲಿ ಎರಡನೆಯದೇ ಆಗಿತ್ತು, ಕ್ಲಿಪ್ ಬಿಗಿದು ಕೊಟ್ಟರು, ಮುಗಿಯಿತು. ಚಕ್ರದ ನಟ್‌ಗಳನ್ನು ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 50 ಕಿಲೋಮೀಟರ್ ಆಸುಪಾಸಿನಲ್ಲಿ ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗೋಡೆಯೊಳಗೆ ನೀರು ಇಳಿಯುವುದಕ್ಕೆ. ಎಂಜಿನ್ ಕೆಟ್ಟರೆ ಸದ್ದು ಮಾಡುತ್ತದೆ. ಛಾವಣಿಯ ಸೀಲಿನಿಂದ ಇಳಿದ ನೀರು ಸದ್ದು ಮಾಡದೆ ಗೋಡೆಯೊಳಗಿನ ಮರದ ಚೌಕಟ್ಟನ್ನು ಕೊಳೆಸುತ್ತದೆ. ನೀರು ಇಳಿಯುವುದರ ವಾರಂಟಿ ಉಳಿದವಕ್ಕಿಂತ ಹೆಚ್ಚು ವರ್ಷ ಇರುತ್ತದೆ, ನಿಜ. ಆದರೆ ಅದಕ್ಕೊಂದು ಷರತ್ತು ಇರುತ್ತದೆ: ವರ್ಷಕ್ಕೊಮ್ಮೆ ತೇವದ ಪರೀಕ್ಷೆ ಮಾಡಿಸಿ, ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕು. ಒಂದು ವರ್ಷ ತಪ್ಪಿದರೆ ಉಳಿದ ವರ್ಷಗಳ ವಾರಂಟಿಯೂ ಕೈ ತಪ್ಪಬಹುದು. ಪರೀಕ್ಷೆ ಮಾಡುವಾಗ ತೇವದ ಮೀಟರಿನ ಅಂಕಿಗಳನ್ನು ಮೂಲೆ ಮೂಲೆಗೆ ಬರೆದ ಚಿತ್ರವನ್ನೇ ಕೇಳಿ ತಗೊಳ್ಳುತ್ತೇನೆ. ಶೇಕಡ 15ರೊಳಗಿದ್ದರೆ ನೆಮ್ಮದಿ, 20 ದಾಟಿದ ಮೂಲೆಯನ್ನು ಬಿಡದೆ ಹಿಂಬಾಲಿಸಬೇಕು. ಹೋದ ವರ್ಷದ ಚಿತ್ರ ಪಕ್ಕದಲ್ಲಿಟ್ಟರೆ ಯಾವ ಮೂಲೆ ಏರುತ್ತಿದೆ ಅಂತ ಗೊತ್ತಾಗುತ್ತದೆ. ಬರಿ "ಪಾಸ್" ಅಂತ ಬರೆದ ಕಾಗದದಿಂದ ಅದು ಗೊತ್ತಾಗುವುದಿಲ್ಲ.

ಗಾಡಿ ವಾಪಸ್ ತಗೊಳ್ಳುವಾಗ ಅಂಗಳದಲ್ಲೇ ಅರ್ಧ ಗಂಟೆ ನಿಲ್ಲುತ್ತೇನೆ. ಸರಿ ಮಾಡಿದ್ದನ್ನು ಮಾತ್ರ ಅಲ್ಲ, ಅದರ ಅಕ್ಕಪಕ್ಕದ್ದನ್ನೂ ಚಾಲೂ ಮಾಡಿ ನೋಡುತ್ತೇನೆ. ಪ್ಯಾನೆಲ್ ತೆಗೆದು ಹಾಕುವಾಗ ಒಂದು ಕನೆಕ್ಟರ್ ಬಿಟ್ಟುಹೋಗುವುದು ಸಾಮಾನ್ಯ. ಅಡ್ವೈಸರ್‌ಗೆ ಮೊದಮೊದಲು ಕಿರಿಕಿರಿ ಆಗುತ್ತಿತ್ತು. ಈಗ ಅವರೇ ಕೀ ಕೊಟ್ಟು, "ನೋಡ್ಕೊಂಡು ಬನ್ನಿ ಸರ್, ಆಮೇಲೆ ಸಹಿ ಹಾಕಿ" ಎನ್ನುತ್ತಾರೆ.

ಸದ್ಯಕ್ಕೆ ಉಳಿದಿರುವುದು ಬಾಗಿಲಿನ ವಿದ್ಯುತ್ ಮೆಟ್ಟಿಲು. ಒಮ್ಮೊಮ್ಮೆ ಒಳಗೆ ಹೋಗದೆ ಅರ್ಧಕ್ಕೆ ನಿಲ್ಲುತ್ತದೆ. ವಿಡಿಯೋ ಕಳಿಸಿದ್ದೇನೆ, ಮೋಟರ್ ಬದಲಿಸಲು ಒಪ್ಪಿಗೆ ಬಂದಿದೆ, ಬಿಡಿಭಾಗ ಇನ್ನೂ ಬರಬೇಕು. ಮೆಟ್ಟಿಲು ಹೊರಗೆ ಚಾಚಿಕೊಂಡೇ ಓಡಿಸಿದರೆ ಪಕ್ಕದಲ್ಲಿ ಹೋಗುವವರ ಕಾಲಿಗೆ ಅಪಾಯ. ಅದಕ್ಕೆ ಡೀಲರ್ ಹತ್ತಿರವೇ ಮೆಟ್ಟಿಲನ್ನು ಒಳಗೆ ಮಡಚಿಸಿ, ಅದರ ಫ್ಯೂಸ್ ತೆಗೆಸಿ, ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡಿದ್ದೇನೆ. ಮೋಟರ್ ಬರುವವರೆಗೆ ಹತ್ತಿ ಇಳಿಯಲು ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡಿದ್ದೇವೆ.