ಮುಂದಿನ ತಿಂಗಳು ಯಾವಾಗಲೂ ಖಾಲಿ

ಎರಡು ವರ್ಷದ ಹಿಂದೆ ಒಂದು ಮಂಗಳವಾರ ಸಂಜೆ ಐದು ಗಂಟೆಗೆ ಇಬ್ಬರನ್ನು ಬೇರೆ ಬೇರೆ ಕಡೆ ಕಾಣುತ್ತೇನೆಂದು ಮಾತು ಕೊಟ್ಟಿದ್ದೆ. ಎರಡೂ ನೆನಪಿದ್ದವು, ಎರಡೂ ಒಂದೇ ದಿನ ಎಂಬುದು ಮಾತ್ರ ಹೊಳೆದಿರಲಿಲ್ಲ. ಒಬ್ಬರಿಗೆ ಜ್ವರವೆಂದು ಸುಳ್ಳು ಹೇಳಿ, ಇನ್ನೊಬ್ಬರಲ್ಲಿಗೆ ಏದುಸಿರು ಬಿಡುತ್ತಾ ಹೋದೆ. ಬಾಗಿಲು ತೆಗೆದರೆ ಮೊದಲಿನವರೂ ಅಲ್ಲೇ ಕುಳಿತಿದ್ದರು. ನಾನು ಬರುವುದಿಲ್ಲ ಎಂದದ್ದರಿಂದ ಅವರಿಗೆ ಸಂಜೆ ಬಿಡುವಾಗಿತ್ತು! "ಜ್ವರ ಬಿಟ್ಟಿತೇ?" ಎಂದು ಕೇಳಿದರು. ಬೇರೇನೂ ಅನ್ನಲಿಲ್ಲ.

ನನ್ನದು ಅನುವಾದ ಮತ್ತು ಕರಡು ತಿದ್ದುವ ಕೆಲಸ, ಮನೆಯಿಂದಲೇ. ಬೈದುಕೊಳ್ಳೋಣವೆಂದರೆ ಮೇಲಧಿಕಾರಿಯೂ ಇಲ್ಲ. ಆ ರಾತ್ರಿ ಡೈರಿ ತೆರೆದು, ಪ್ರತಿಯೊಂದು ಕೆಲಸದ ಪಕ್ಕದಲ್ಲಿ ಅದನ್ನು ಯಾವತ್ತು ಒಪ್ಪಿಕೊಂಡೆ ಎಂದು ನೆನಪಿದ್ದಷ್ಟನ್ನು ಬರೆದೆ. ಹೆಚ್ಚಿನವು ಮೂರು ನಾಲ್ಕು ವಾರ ಮೊದಲೇ ಒಪ್ಪಿದವು. ಹತ್ತಿರದ ದಿನಗಳಿಗೆ ಬಂದವನ್ನು ನಾನು ಆಗುವುದಿಲ್ಲವೆಂದು ಹೇಗೋ ತಳ್ಳಿಬಿಡುತ್ತಿದ್ದೆ. ಮುಂದಿನ ತಿಂಗಳ ಪುಟ ಮಾತ್ರ ಬೆಳ್ಳಗಿರುತ್ತಿತ್ತು, ಅದನ್ನು ಕಂಡರೆ ಧಾರಾಳ ಬುದ್ಧಿ ಬರುತ್ತಿತ್ತು. ಆ ತಿಂಗಳು ಬಂದಾಗ ಅದೂ ಈ ತಿಂಗಳೇ.

ಈಗ ಯಾರು ಯಾವ ದಿನಾಂಕ ಹೇಳಿದರೂ ನಾನು ಕೇಳಿಕೊಳ್ಳುವುದು ಒಂದೇ: ಇದು ನಾಳೆ ಬೆಳಿಗ್ಗೆಯೇ ಆಗಿದ್ದರೆ ಒಪ್ಪುತ್ತಿದ್ದೆನೇ? ಅರ್ಧಕ್ಕರ್ಧ ಅಲ್ಲೇ ಉದುರಿಹೋಗುತ್ತವೆ.

ಅಂದಾಜಿನ ರೋಗ ಬೇರೆ ಇತ್ತು. ಇಪ್ಪತ್ತು ಪುಟವೆಂದರೆ ಎರಡು ದಿನ ಎನ್ನುತ್ತಿದ್ದೆ. ಹಳೆಯ ಲೆಕ್ಕ ತೆಗೆದು ನೋಡಿದರೆ ನಾಲ್ಕು ದಿನಕ್ಕಿಂತ ಬೇಗ ಒಮ್ಮೆಯೂ ಮುಗಿದಿರಲಿಲ್ಲ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಈ ಭ್ರಮೆಗೆ ಹೆಸರಿಟ್ಟಿದ್ದರು. ಇಂಥ ಕೆಲಸಕ್ಕೆ ಹಿಂದೆ ಎಷ್ಟು ಹಿಡಿದಿತ್ತು ಎಂದು ನೋಡದೆ, ಎಲ್ಲವೂ ಸುಸೂತ್ರವಾದರೆ ಎಷ್ಟು ಹಿಡಿದೀತು ಎಂದು ಎಣಿಸುವುದು ನಮ್ಮ ಜಾಯಮಾನ. ನಾನೀಗ ಮನಸ್ಸನ್ನು ಕೇಳುವುದಿಲ್ಲ, ಹಳೆಯ ಡೈರಿಯನ್ನು ಕೇಳುತ್ತೇನೆ.

ಇನ್ನೂ ದೊಡ್ಡ ಪಾಠ ಸಿಕ್ಕಿದ್ದು ಸರತಿ ಸಾಲಿನ ಗಣಿತದಿಂದ. ಕೆಲಸ ಮಾಡುವವರು ಒಬ್ಬರೇ, ಕೆಲಸ ಬರುವ ಹೊತ್ತೂ ಹಿಡಿಯುವ ಹೊತ್ತೂ ಏರುಪೇರು ಎಂದುಕೊಳ್ಳಿ. ಇದರ ಅತಿ ಸರಳ ಲೆಕ್ಕದ ಪ್ರಕಾರ, ಅವರ ಸಮಯ ಶೇ 80ರಷ್ಟು ತುಂಬಿದ್ದರೆ ಹೊಸ ಕೆಲಸ ಸರಾಸರಿ ಕಾಯಬೇಕಾದದ್ದು ಒಂದು ಕೆಲಸಕ್ಕೆ ಹಿಡಿಯುವ ಸಮಯದ 4 ಪಟ್ಟು. ಶೇ 90 ಆದರೆ 9 ಪಟ್ಟು, ಶೇ 95 ಆದರೆ 19 ಪಟ್ಟು. ಕೊನೆಯ ಆ ಚೂರನ್ನೂ ತುಂಬಿಸುವ ಹಟವೇ ನನ್ನನ್ನು ಮುಳುಗಿಸುತ್ತಿತ್ತು. ಹಾಗಾಗಿ ಬುಧವಾರ ಮಧ್ಯಾಹ್ನದ ಜಾಗಕ್ಕೆ ಅಡ್ಡಗೆರೆ ಎಳೆದೆ. ವಾರದಲ್ಲಿ ಉಳಿದುಹೋದದ್ದಕ್ಕೆ ಆ ಹೊತ್ತು. ಏನೂ ಉಳಿಯದಿದ್ದರೆ ಖಾಲಿ. ಮೊದಲ ಕೆಲವು ಬುಧವಾರ ಕೈಕಾಲು ಆಡದೆ ಕಪಾಟು ಒರೆಸಿದೆ, ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ನೋಡಿದೆ. "ಪುರುಸೊತ್ತೇ ಇಲ್ಲ" ಎಂದು ಹೇಳಿಕೊಳ್ಳುವುದರಲ್ಲಿ ಎಂಥ ಜಂಬವಿತ್ತೆಂದು ಗೊತ್ತಾದದ್ದು ಪುರುಸೊತ್ತು ಸಿಕ್ಕ ಮೇಲೆಯೇ.

ಬಣ್ಣ ಬಣ್ಣದ ವೇಳಾಪಟ್ಟಿ, ಬೆಳಗಿನ ನಾಲ್ಕಕ್ಕೆ ಏಳುವುದು, ಇವನ್ನೂ ಮಾಡಿ ನೋಡಿದೆ. ಇನ್ನಷ್ಟು ತುರುಕಲು ಜಾಗವಾಯಿತು, ಅಷ್ಟೇ.

ಕಷ್ಟವಾದದ್ದು ದಾಕ್ಷಿಣ್ಯ. ಮೊದಲ ಸಲ ಒಲ್ಲೆ ಎಂದಾಗ ಐದು ನಿಮಿಷ ಕಾರಣ ಕೊಟ್ಟೆ. ದೂರ ಎಂದೆ, ಅವರು ಕಾರು ಕಳುಹಿಸುತ್ತೇನೆ ಎಂದರು. ಸಮಯ ಸಾಲದು ಎಂದೆ, ಗಡುವು ಮುಂದೂಡಿದರು. ಕೊನೆಗೆ ಒಪ್ಪಿಕೊಂಡೇ ಫೋನ್ ಇಟ್ಟೆ. ಕಾರಣ ಹೇಳುವುದೆಂದರೆ ಚೌಕಾಸಿಗೆ ಕುಳಿತಂತೆ. "ನೋಡೋಣ" ಎನ್ನುವುದು ಅದಕ್ಕಿಂತ ಕೆಟ್ಟದ್ದು. ಕೇಳಿದವರು ಅದನ್ನು ಹೌದು ಎಂದೇ ಬರೆದುಕೊಳ್ಳುತ್ತಾರೆ. ಈಗ "ನಾಳೆ ತಿಳಿಸುತ್ತೇನೆ" ಎನ್ನುತ್ತೇನೆ, ಮರುದಿನ "ಈ ಸಲ ಆಗುವುದಿಲ್ಲ, ಕ್ಷಮಿಸಿ" ಎಂದು ಬರೆದು ಕಳುಹಿಸುತ್ತೇನೆ. ಇದರಿಂದ ಕಾಯಂ ಕೆಲಸ ಕೊಡುತ್ತಿದ್ದವರೊಬ್ಬರು ಕೈಬಿಟ್ಟರು, ಕೆಲವು ತಿಂಗಳು ಆದಾಯವೂ ಇಳಿಯಿತು. ಉಳಿದವರು ನಾನೆಣಿಸಿದಷ್ಟು ಬೇಸರಪಟ್ಟುಕೊಳ್ಳಲಿಲ್ಲ.

ಮೊನ್ನೆ ಬುಧವಾರದ ಗೆರೆಯ ಮೇಲೆಯೇ ಪೆನ್ಸಿಲಿನಲ್ಲಿ ಒಂದು ಹೆಸರು ಬರೆದುಕೊಂಡೆ. ಅಂದು ಜ್ವರ ವಿಚಾರಿಸಿದ್ದರಲ್ಲ, ಅವರದು. ಅವರಿಗೆ ಇಲ್ಲ ಎನ್ನುವುದು ನನಗೆ ಇನ್ನೂ ಬಂದಿಲ್ಲ.