ಹೋದ ವರ್ಷದ್ದು ಸಾಲದು, ಅದಕ್ಕೂ ಹಳೆಯದು ಕೊಡಿ

ತುಮಕೂರಿನಲ್ಲಿ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ನೋಡಿ ರಿಪೋರ್ಟ್ ಬರೆಯುವ ಕೆಲಸ ನನ್ನದು. ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ಬಂದವರನ್ನು ಮೊದಲು ಕೇಳುವುದೇ "ಅಮ್ಮ, ಹಳೇ ಫಿಲಂ ತಂದಿದ್ದೀರಾ?" ಅಂತ. "ರಿಪೋರ್ಟ್ ಇದೆಯಲ್ಲ ಮೇಡಂ" ಅನ್ನುತ್ತಾರೆ. ನನಗೆ ಚಿತ್ರ ಬೇಕು. ಅದನ್ನೇ ಮೊಬೈಲಲ್ಲಿ ಫೋಟೊ ಹೊಡೆದು ವಾಟ್ಸಾಪ್ ಮಾಡಿದರೂ ಪ್ರಯೋಜನವಿಲ್ಲ, ಅರ್ಧ ಮಿಲಿಮೀಟರಿಗಿಂತ ಸಣ್ಣ ಕ್ಯಾಲ್ಸಿಯಂ ಚುಕ್ಕೆಗಳು ಅದರಲ್ಲಿ ಎಲ್ಲಿ ಕಾಣಬೇಕು?

ಒಂದು ಸಲಕ್ಕೆ ನಾಲ್ಕು ಚಿತ್ರ. ಎರಡೂ ಕಡೆಗೆ ಮೇಲಿನಿಂದ ತೆಗೆದ ಸಿಸಿ, ಓರೆಯಾಗಿ ತೆಗೆದ ಎಂಎಲ್‌ಓ. ಈಗಿನದನ್ನು ಮೇಲಿನ ಸಾಲಿಗೆ, ಹಳೆಯದನ್ನು ಅದೇ ಕ್ರಮದಲ್ಲಿ ಕೆಳಗೆ ಹಾಕಿಕೊಳ್ಳುತ್ತೇನೆ. ಏನೋ ಬದಲಾಗಿದೆ ಅನ್ನಿಸಿದರೆ ಮೊದಲ ಅನುಮಾನ ತೆಗೆದ ರೀತಿಯ ಮೇಲೆ. ಓರೆ ಚಿತ್ರದಲ್ಲಿ ಎದೆಯ ಸ್ನಾಯು ತೊಟ್ಟಿನ ಮಟ್ಟದವರೆಗೆ ಇಳಿದಿದೆಯಾ? ತೊಟ್ಟಿನಿಂದ ಹಿಂದಕ್ಕೆ ಅಳೆದರೆ ಅದೇ ಕಡೆಯ ಸಿಸಿಗೂ ಎಂಎಲ್‌ಓಗೂ ವ್ಯತ್ಯಾಸ 1 ಸೆಂಟಿಮೀಟರ್ ಒಳಗಿದೆಯಾ? ಸರಿಯಾಗಿ ಒತ್ತದಿದ್ದರೆ ಒಂದರ ಮೇಲೊಂದು ಬಿದ್ದ ಅಂಗಾಂಶವೇ ಗಂಟಿನ ಹಾಗೆ ಕಾಣುತ್ತೆ. ಕಂಕುಳಿಗೆ ಹಾಕಿದ ಪೌಡರ್ ಕೂಡ ಬಿಳಿ ಚುಕ್ಕೆಯಾಗಿ ಬರುತ್ತೆ, ಸುಮ್ನೆ ಗಾಬರಿ. ತೂಕ ಇಳಿಸಿದ್ದೀರಾ ಅಂತಲೂ ಕೇಳುತ್ತೇನೆ. ಕೊಬ್ಬು ಕರಗಿದರೆ ಎರಡೂ ಕಡೆ ಮೊದಲಿಗಿಂತ ಬಿಳಿಯಾಗಿ ಕಾಣಬಹುದು.

ಇನ್ನು ಯಾವ ಹಳೆಯದು? ಹೋದ ವರ್ಷದ್ದೊಂದೇ ಇಟ್ಟುಕೊಂಡರೆ ನಿಧಾನವಾಗಿ ಬೆಳೆಯುವುದು ಕಣ್ಣು ತಪ್ಪಿಸುತ್ತೆ. ಎರಡು ವರ್ಷ ಅಥವಾ ಅದಕ್ಕೂ ಹಿಂದಿನದನ್ನು ಮೊದಲು ಹಾಕುತ್ತೇನೆ. ಗುಬ್ಬಿ ಕಡೆಯ ಒಬ್ಬ ಅಮ್ಮನಿಗೆ ಎಡಗಡೆ, ಕಂಕುಳ ಹತ್ತಿರ ಮಬ್ಬಾದ ಬಿಳುಪು ಇತ್ತು. ಹೋದ ವರ್ಷದ ಸಿಡಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. "ಇನ್ನೂ ಹಳೇದೊಂದು ಮನೇಲಿದೆ ಮೇಡಂ, ಜಮೀನಿನ ಪತ್ರದ ಟ್ರಂಕಲ್ಲಿ" ಅಂದಳು ಮಗಳು. ತರಿಸಿದೆ. ಅಂಚು ಸುರುಳಿ ಸುತ್ತಿಕೊಂಡಿದ್ದ ಆ ಫಿಲಂ ಅನ್ನು ಲೈಟ್ ಬಾಕ್ಸಿಗೆ ಸಿಕ್ಕಿಸಿ ನೋಡಿದರೆ ಆ ಜಾಗದಲ್ಲಿ ಬರೀ ಕಪ್ಪು ಕೊಬ್ಬು, ಬಿಳುಪಿನ ಸುಳಿವೇ ಇಲ್ಲ. ಅಲ್ಲಿಗೆ ಅದು ಹೊಸದು ಅಂತಾಯ್ತು. ಆ ಜಾಗವನ್ನಷ್ಟೇ ಒತ್ತಿ ಮತ್ತೆ ತೆಗೆಸಿದೆವು, ಒಂದರ ಮೇಲೊಂದು ಬಿದ್ದ ಅಂಗಾಂಶದ ಹಾಗೆ ಆ ಬಿಳುಪು ಚದುರಲಿಲ್ಲ. ಸ್ಕ್ಯಾನಿಂಗ್, ಆಮೇಲೆ ಬಯಾಪ್ಸಿ. ಕ್ಯಾನ್ಸರೇ, ಆದರೆ ಚಿಕ್ಕದು.

ಉಲ್ಟಾ ಆಗುವುದೇ ಜಾಸ್ತಿ ಅನ್ನಿ. ನುಣುಪು ಅಂಚಿನ ಗಂಟು ಹಳೇ ಫಿಲಂಗಳಲ್ಲೂ ಅಷ್ಟೇ ಇದ್ದರೆ ಸೂಜಿ ಚುಚ್ಚುವ ಮಾತೇ ಬರುವುದಿಲ್ಲ. ರಿಪೋರ್ಟಿನಲ್ಲಿ ಬೈರಾಡ್ಸ್ 3 (ಬಹುತೇಕ ಅಪಾಯವಿಲ್ಲದ್ದು, ಆದರೂ ಕಾದು ನೋಡಬೇಕಾದ್ದು) ಅಂತ ಬರೆದವರನ್ನು 6 ತಿಂಗಳಿಗೆ ಕರೆಯುವುದೂ ಇದಕ್ಕೇ, 2 ವರ್ಷ ಬದಲಾಗದಿದ್ದರೆ ಅಪಾಯವಿಲ್ಲದ್ದು ಅಂತ ಬಿಡುತ್ತೇವೆ. ಆದರೆ ಮುಳ್ಳುಮುಳ್ಳಾದ ಅಂಚು ಕಂಡರೆ ಹೋದ ಸಲವೂ ಹೀಗೇ ಇತ್ತು ಅಂತ ನಾನು ಬಿಡುವುದಿಲ್ಲ. ಆಪರೇಷನ್ ಗಾಯದ ಕಲೆ ವರ್ಷಗಳು ಕಳೆದಂತೆ ಕುಗ್ಗಬೇಕು, ಇಲ್ಲ ಹಾಗೇ ಇರಬೇಕು, ದೊಡ್ಡದಾದರೆ ಅದಕ್ಕೂ ಬಯಾಪ್ಸಿಯೇ.

ಮ್ಯಾಮೊಗ್ರಾಂ ಮಾಡಿಸಿದ ದಿನವೇ ಸಿಡಿ ಕೇಳಿ ಇಸ್ಕೊಳ್ಳಿ. ಫಿಲಂ ಕೊಟ್ಟರೆ ಮಡಚಬೇಡಿ.